ಅರ್ಧ ಕೆನ್ನೆ ನೊರೆ

ಸುಂಟಿಕೊಪ್ಪದ ನನ್ನ ಸೆಲೂನಿನಲ್ಲಿ
ಭಾನುವಾರ ಕನ್ನಡಿಗಿಂತ ಟೀವಿಗೇ ಗಿರಾಕಿ ಜಾಸ್ತಿ.

ಸೀರೆಯುಟ್ಟು ಸೊಂಟ ತಿರುವುವ ಆ ಬಸ್‌ಸ್ಟ್ಯಾಂಡ್ ಸೀನ
ನನಗೆ ಹಿಡಿಸೋಲ್ಲ;
ಅವನು ಬಾಯಿ ತೆರೆಯುವ ಮೊದಲೇ
ತೀರ್ಪುಗಾರರು ಕುರ್ಚಿಯಿಂದ ಬಿದ್ದಿರುತ್ತಾರೆ.
ನನ್ನ ಓಟು, ಮೂಲೆಯಲ್ಲಿ ಟ್ರೇ ಹಿಡಿದು ನಿಲ್ಲುವ ಸುಗುಣಳಿಗೆ.
ಎಲ್ಲರ ಕೂಗಾಟ ಮುಗಿದ ಮೇಲೆ
ಒಂದುಸಿರು ತಡೆದು, "ಸಕ್ಕರೆ ಎಷ್ಟು?" ಅಂತಾಳೆ.
ಆ ತಡೆ ಇದೆಯಲ್ಲ,
ಗಂಟಲ ಗುಳಿಯ ಹತ್ತಿರ
ನನ್ನ ಕತ್ತಿಯೂ ಹಾಗೇ ನಿಲ್ಲುತ್ತದೆ.

ಹೋದ ವಾರ ಸೀನ ಕೊಡಗಿನವನಾಗಿ ಬಂದ.
ಕೋವಿ, ಬಾಟಲಿ, ಪೊರಕೆಯಂಥ ಮೀಸೆ,
ಪೀಚೆಕತ್ತಿ ಬೆನ್ನಿಗೆ!
ರಿಮೋಟಿಗೆ ತಡಕಾಡಿದೆ. ಕುರ್ಚಿಯಲ್ಲಿದ್ದವರು
ನಿವೃತ್ತ ಸುಬೇದಾರ್ ಚೆಂಗಪ್ಪ, ಅರ್ಧ ಕೆನ್ನೆ ನೊರೆ.

"ಇರಲಿ ಬಿಡು," ಅಂದರು.
"ಮೆಸ್ಸಿನಲ್ಲಿ ನಾನೂ ಮೈಸೂರಿನವರ ಹಾಗೆ
ರಾಗ ಎಳೆದು ನಗಿಸಿದವನೇ.
ಇವನು ಮಾತ್ರ ಮೀಸೆಯನ್ನು ನಂಬಿದಾನೆ,
ಮುಖವನ್ನಲ್ಲ."

ಅಷ್ಟರಲ್ಲಿ ಸುಗುಣ, ಟ್ರೇ ಸಮೇತ.
ಕೋವಿಯ ನಳಿಗೆ ನೋಡಿದಳು. ತಡೆದಳು.
"ಇವರಿಗೂ ಒಂದು ಲೋಟಾನಾ?"

ನೊರೆ ಕನ್ನಡಿಗೆ ಹಾರಿತು.
ಸುಬೇದಾರರ ಹೊಟ್ಟೆ ಬಟ್ಟೆಯಡಿ ಕುಣಿಯುತ್ತಲೇ ಇತ್ತು.
ಕತ್ತಿ ಮೇಲೆತ್ತಿ ಕಾದೆ;
ಇನ್ನೊಂದು ಕೆನ್ನೆಗೆ
ಜಾಹೀರಾತೇ ಬರಬೇಕಾಯಿತು.