ರಾಸ್ಮಿಯ ಕೈಗವಸು

ದೋಣಿ ನೀರಲ್ಲಿ ನಿಲ್ಲುವುದಿಲ್ಲ ಇಲ್ಲಿ.
ನಿಂತರೆ ಅಲೆ ಅದನ್ನು ಬಂಡೆಗೆ ಬಡಿದು
ಸಂಜೆಯೊಳಗೆ ಸೌದೆ ಮಾಡುತ್ತದೆ.
ಹಾಗಾಗಿ ಬಂದ ಕೂಡಲೇ ಎತ್ತಿ,
ಗಾಳಕ್ಕೆ ಸಿಕ್ಕ ಮೀನಿನ ಹಾಗೆ ತೂಗಿಸಿ,
ದಡದ ಮೇಲೆ ಕೂರಿಸುತ್ತಾರೆ.

ನಾನಿನ್ನೂ ವಾಂತಿಯ ಬಾಯಿ ಒರೆಸಿಕೊಳ್ಳುತ್ತಿದ್ದೆ,
ಯಾರೋ ಹಗ್ಗದ ತುದಿ ಕೈಗೆ ತುರುಕಿದರು.
"ಹಿಡಿ. ಬಿಡು ಅನ್ನುವ ತನಕ ಬಿಡಬೇಡ."
ಹೆಸರು, ಊರು, ಎಲ್ಲ ಆಮೇಲೆ.

ನಾನು ಬಂದದ್ದು ಯಾರೂ ಇಲ್ಲದ್ದನ್ನು ನೋಡಲು.
ಆರು ವರ್ಷ ಗ್ಲಾಸ್ಗೋದ ಆಸ್ಪತ್ರೆಯೊಂದರಲ್ಲಿ
ಸರದಿಯ ನಂಬರು ಕೂಗಿ ಕೂಗಿ
ಮನುಷ್ಯರ ಮುಖವೇ ಸಾಕಾಗಿತ್ತು.
ಫೂಲಾ ಅಂದರೆ ಹಕ್ಕಿಗಳ ದ್ವೀಪವಂತೆ;
ಜನ, ಎರಡೂ ಕೈಯ ಬೆರಳು ಮೂರು ಸಲ ಮಡಿಸಿದರೆ ಮುಗಿಯಿತು.

ಇತ್ತು. ನಾನು ಕೇಳಿದ್ದೆಲ್ಲ ಇತ್ತು.
ಒಂದೂ ಮರವಿಲ್ಲದ ಬೆಟ್ಟ,
ಅದಕ್ಕೆ ಪಡುವಣ ಮಗ್ಗುಲೇ ಇಲ್ಲ:
ಸಾವಿರ ಅಡಿ ನೇರ ಕಡಲು,
ಗೋಡೆಯ ತುಂಬ ಬಿಳಿ ಗಲಾಟೆ.
ರಾತ್ರಿ ಹನ್ನೊಂದಕ್ಕೂ
ಸೂಜಿಗೆ ನೂಲು ಪೋಣಿಸುವಷ್ಟು ಬೆಳಕು.
ಪಾಚಿಗೆ ಕೆನ್ನೆಯೊತ್ತಿ ಮಲಗಿದೆ;
ಒಳಗೆಲ್ಲೋ ನೀರು ತನ್ನಷ್ಟಕ್ಕೆ ಲೆಕ್ಕ ಹಾಕಿಕೊಳ್ಳುತ್ತಿತ್ತು.

ಬಾಂಕ್ಸಿ ಹಕ್ಕಿ ಮಾತ್ರ ಒಪ್ಪಲಿಲ್ಲ.
ಕಂದು ಬಣ್ಣದ ದಢೂತಿ, ಮರಿಗಳ ತಾಯಿ,
ನೇರ ನನ್ನ ನೆತ್ತಿಗೇ ಬಂತು.
ಮುದುಕಿ ಓಸ್ಲಾ ಕೋಲು ಕೊಟ್ಟಳು:
"ತಲೆಗಿಂತ ಮೇಲೆ ಹಿಡಿ.
ಅದಕ್ಕೆ ನಿನ್ನ ಮೇಲೇನೂ ದ್ವೇಷವಿಲ್ಲ.
ಯಾವುದು ಎತ್ತರವೋ ಅದಕ್ಕೆ ಬಡಿಯುತ್ತದೆ."

ಮತ್ತೆ ದೋಣಿ ಬಂದ ದಿನ ಯಾರೂ ಕರೆಯಲಿಲ್ಲ,
ನಾನೇ ಇಳಿದು ಹೋದೆ.
ಓಸ್ಲಾ ಮೊಳೆಯಿಂದ ಕೈಗವಸು ತೆಗೆದು ಎಸೆದಳು.
"ರಾಸ್ಮಿಯದು. ಮಾರ್ಚಿನಲ್ಲಿ ಹೋದ."
ಗಂಡನೋ, ತಮ್ಮನೋ, ಕೇಳಲು ನಾಲಿಗೆ ಏಳಲಿಲ್ಲ.
ತೊಗಲು ಸೆಟೆದು, ಬೆರಳುಗಳು
ಅವನ ಹಿಡಿತದಲ್ಲೇ ಬಾಗಿ ನಿಂತಿದ್ದವು.
ಹೊಸ ಸೊಸೆ ಕತ್ತಲಲ್ಲಿ
ದೀಪದ ಗುಂಡಿ ತಡಕುವ ಹಾಗೆ
ನನ್ನ ಬೆರಳು ಒಳಗೆ ಜಾಗ ಹುಡುಕಿದವು.

ಹಿಟ್ಟು, ಡೀಸೆಲ್, ಒಂದು ಟಗರು,
ಶಾಲೆಯ ಒಬ್ಬನೇ ಹುಡುಗನ ಹೊಸ ಕನ್ನಡಕ,
ಎಲ್ಲ ಸೇರಿ ನನ್ನ ಭುಜಕ್ಕೆ ಜೋತುಬಿದ್ದವು.
ಹಗ್ಗದುದ್ದಕ್ಕೂ ಇನ್ನು ನಾಲ್ಕು ಜನ.
ಯಾರೂ ನನ್ನ ಕಡೆ ನೋಡಲಿಲ್ಲ,
ನೋಡದೆಯೇ ನಂಬಿದ್ದರು.

ಹೊರಟ ದಿನ ದೋಣಿಯೊಳಗೆ ಕೂತವಳು ನಾನು.
ಮೇಲೆ ಹಗ್ಗ ಸಡಿಲುತ್ತಿತ್ತು.
ಎಣಿಸಿದೆ: ನಾಲ್ಕೇ ಜನ.
ಕೋಲು ಕಂಕುಳಲ್ಲಿ ಇರುಕಿಕೊಂಡು
ಓಸ್ಲಾ ಬಂದು ಐದನೆಯ ಜಾಗದಲ್ಲಿ ನಿಂತಳು.

ಆ ಗವಸು
ಅವಳಿಗೂ ದೊಡ್ಡದೇ.