ತಲೆ ಯಾರಿಗೆ

ಹೊಸ ಹೋಟೆಲು ಬೇಡ ಅಂದಿದ್ದೆ.
ಅತ್ತಿಗೆ ಕೇಳಲಿಲ್ಲ. ಕಾಜುಬಾಗದ ಗಾಜಿನ ಹೋಟೆಲು,
ಎಸಿ ಇದೆ, ಯಾರ ಕಣ್ಣಿಗೂ ಬೀಳುವುದಿಲ್ಲ;
ನಲವತ್ತಾರರ ಗಂಡು ನಲವತ್ತೊಂದರ ಹೆಣ್ಣನ್ನು
ಮನೆಗೇ ಹೋಗಿ ನೋಡಿದರೆ, ಚಹಾಕ್ಕಿಂತ ಮೊದಲು
ಊರು ಬಂದು ಕೂತಿರುತ್ತದೆ ಜಗಲಿಯಲ್ಲಿ.
ಗಾಜಿನ ಗೋಡೆಗೆ ಯಾವ ಮರೆ, ಅತ್ತಿಗೇ?

ಹಾಗೆ ಕೂತೆವು, ಎದುರುಬದುರು:
ನಾನು, ಬೈತಖೋಲದ ಐಸ್ ಫ್ಯಾಕ್ಟರಿಯ ಪುಂಡಲೀಕ,
ಅವರು, ಮೀನುಗಾರರ ಸೊಸೈಟಿಯಲ್ಲಿ
ಡೀಸೆಲಿನ ಲೆಕ್ಕ ಬರೆಯುವ ಸುಲಭಾ ತಾಂಡೇಲ.
ನಡುವೆ ಟೊಮೆಟೊ ಸಾಸಿನ ಬಾಟಲಿ
ಮಧ್ಯಸ್ಥಿಕೆಗೆ ನಿಂತಿತ್ತು, ತಲೆಕೆಳಗಾಗಿ.

ಹಳಿಯಾಳದ ಹುಡುಗ, ಕರಿ ಏಪ್ರನ್,
ಇಂಗ್ಲಿಷಿನಲ್ಲಿ ಹತ್ತಿ ಕನ್ನಡದಲ್ಲಿ ಇಳಿದ:
ಫಿಶ್ ಆಂಡ್ ಚಿಪ್ಸ್ ಸರ್, ಮುಳ್ಳಿಲ್ಲ, ವಾಸನೆಯೂ ಇಲ್ಲ.
ಮತ್ತೆ ಇರುವುದೇನು, ಎಂದರು ಅವರು.
ಹುಡುಗ ನಕ್ಕ. ತಾನು ಮೀನು ತಿನ್ನುವುದಿಲ್ಲವಂತೆ.

ಬಂತು. ಮರದ ಹಲಗೆ, ಅದರ ಮೇಲೆ ಪೇಪರು,
ಓದಲಿಕ್ಕಲ್ಲ, ಪೇಪರಿನ ಹಾಗೆ ಕಾಣಲಿಕ್ಕೆ ಅಚ್ಚುಹಾಕಿದ್ದು.
ಯಾವ ಊರಿನದೂ ಅಲ್ಲದ ಸುದ್ದಿ,
ಅದೇ ಸಾಲು ಮೂರು ಕಾಲಮ್ಮಿನಲ್ಲಿ.
ಚಿಕ್ಕಂದಿನಲ್ಲಿ ತಾರ್ಲೆ ಸುತ್ತಿ ಕೊಡುತ್ತಿದ್ದ ಪೇಪರಿನಲ್ಲಿ
ನಿಧನದ ಫೋಟೋಗಳಿರುತ್ತಿದ್ದವು, ಮೀನಿನ ರಕ್ತ ಹತ್ತಿ
ಸತ್ತವರ ಕೆನ್ನೆ ಕೆಂಪಾಗಿರುತ್ತಿತ್ತು
ಅಂದುಬಿಟ್ಟೆ. ಹೆಣ್ಣು ನೋಡಲು ಬಂದವನು
ಆಡುವ ಮಾತೇ ಅದು?
ಅವರು ಫೋರ್ಕು ಕೆಳಗಿಟ್ಟು
ಮೊದಲ ಸಲ ನನ್ನನ್ನು ನೋಡಿದರು.

ಮೀನು ಹೊಂಬಣ್ಣದ ಅಂಗಿ ತೊಟ್ಟಿತ್ತು, ಕುತ್ತಿಗೆತನಕ ಗುಂಡಿ ಹಾಕಿ.
ಕುತ್ತಿಗೆ ಎಲ್ಲಿತ್ತು!
ಒಡೆದರೆ ಒಳಗೆ ಬಿಳಿ, ಆಸ್ಪತ್ರೆಯ ಬಿಳಿ.
ಯಾವ ಮೀನಪ್ಪಾ?
ಬಾಸಾ ಸರ್. ಫ್ರೋಜನ್. ಲಾರಿಯಲ್ಲಿ ಬರುತ್ತದೆ.
ಕಿಟಕಿಯಾಚೆ ಮುನ್ನೂರು ಹೆಜ್ಜೆಗೆ ಸಮುದ್ರ,
ಕೂರ್ಮಗಡದ ಕಡೆಯಿಂದ ಬೋಟು ತಿರುಗುವ ಹೊತ್ತು,
ನಾನೇ ಪುಡಿಮಾಡಿ ತುಂಬಿದ ಐಸಿನ ಮೇಲೆ
ಬಂಗಡೆ ಮಲಗಿ ಬರುತ್ತಿರುತ್ತದೆ, ಕಣ್ಣುಬಿಟ್ಟುಕೊಂಡು.
ದೂರದಿಂದ ಬಂದದ್ದು, ಎಂದರು ಅವರು ತಟ್ಟೆಯ ಕಡೆ ಬಾಗಿ,
ಪಾಪ, ತಿನ್ನೋಣ.

ಚಿಪ್ಸು ಸುಡುತ್ತಿತ್ತಂತೆ. ಅವರು ಊದಿ ಊದಿ ತಿಂದರು.
ನನಗೆ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ
ಐಸಿನ ಗಡ್ಡೆ ಹೊತ್ತ ಬೆರಳು,
ತುದಿ ನನ್ನದಲ್ಲ.
ಇದನ್ನೂ ಈಗಲೇ ಹೇಳಬೇಕೇ, ಅಥವಾ ಆಮೇಲೆ?

ಮುಳ್ಳಿದ್ದರೆ ಒಳ್ಳೆಯದಿತ್ತು.
ಮುಳ್ಳಿನ ಮೀನಿಗೆ ಮಾತು ಬೇಡ,
ನಾಲಿಗೆಗೆ ಬೇರೆ ಕೆಲಸವಿರುತ್ತದೆ,
ಸುಮ್ಮನಿದ್ದರೂ ಮರ್ಯಾದೆ ಇರುತ್ತದೆ.
ಇದು ನಾಲ್ಕು ತುತ್ತಿಗೆ ಮುಗಿಯುತ್ತ ಬಂತು,
ಎದುರಿಗೆ ಬರೀ ಮುಖ.

ಆಗ ಅವರು ಅಗಿಯುವುದು ನಿಲ್ಲಿಸಿದರು.
ಬಾಯೊಳಗೆ ಏನನ್ನೋ ಆಚೆಗೀಚೆಗೆ ಮಾಡಿ
ತುಟಿಯಂಚಿಗೆ ತಂದು, ಎರಡು ಬೆರಳಲ್ಲಿ ಹಿಡಿದು
ದೀಪಕ್ಕೆ ಎತ್ತಿ ತೋರಿಸಿದರು:
ಮುಳ್ಳು. ರೆಪ್ಪೆಗೂದಲಷ್ಟು.
ಬಾವಿಗೆ ಬಿದ್ದ ಮೂಗುತಿ ಸಿಕ್ಕವರ ಹಾಗೆ ನಕ್ಕರು.
ಓಡಿಬಂದ ಹುಡುಗ, ಸಾರಿ ಮೇಡಂ, ಬೇರೆ ತರುತ್ತೇನೆ.
ಬೇಡ, ಎಂದೆವು ಇಬ್ಬರೂ, ಒಮ್ಮೆಗೇ.

ಬಿಲ್ಲಿನಲ್ಲಿ ನಿಂಬೆಹೋಳಿಗೂ ರೇಟು.
ಅರ್ಧ ತನ್ನದೆಂದು ಎಣಿಸಿ ಇಟ್ಟರು,
ಡೀಸೆಲಿನ ಲೆಕ್ಕದವರು, ಒಂದು ರೂಪಾಯಿ ಆಚೆಯಿಲ್ಲ ಈಚೆಯಿಲ್ಲ.

ಹೊರಗೆ ಉಪ್ಪುಗಾಳಿ. ಗೋವಾದ ಟ್ರಕ್ಕುಗಳ ಸಾಲು.
ಮಾಜಾಳಿ ಬಸ್ಸಿಗೆ ಕಾಯುತ್ತ ಕೇಳಿದರು,
ಮನೆಯಲ್ಲಿ ಮೀನು ಕೊಯ್ಯುವುದು ಯಾರು?
ನಾನೇ.
ಬಂಗಡೆಗೆ ತೆಪ್ಪಲ ಹಾಕುತ್ತೀರಾ?
ಹಾಕುತ್ತೇನೆ. ಹೆಚ್ಚಾಗುತ್ತದೆ.
ತಲೆ ಯಾರಿಗೆ?
ಬೆಕ್ಕಿಗೆ, ಎಂದೆ.

ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು,
ಹಿಂದಿನವರು ನೂಕುತ್ತಿರುವಾಗಲೇ ತಿರುಗಿ
ಇನ್ನು ಕೊಡಬೇಡಿ, ಎಂದರು, ಗಟ್ಟಿಯಾಗಿ.
ಕಂಡಕ್ಟರು ತನಗೇ ಹೇಳಿದ್ದೆಂದುಕೊಂಡು
ಟಿಕೆಟ್ಟು ಹರಿಯುವುದನ್ನು ನಿಲ್ಲಿಸಿದ.