ಅಲ್ಲ, ಇಲ್ಲ, ಗೊತ್ತಿಲ್ಲ

ದಾಲ್ಕಾವೆಯ ಬಂದರು ಕಚೇರಿಗೆ ಎರಡು ಕಿಟಕಿ:
ಒಂದು ಕಡಲಿಗೆ, ಇನ್ನೊಂದು ನನ್ನ ಪರದೆ.
ಕಡಲಿನದು ಉಪ್ಪು ಹತ್ತಿ ಮಸುಕು.
ನನ್ನದನ್ನು ದಿನಾ ಒರೆಸುತ್ತಿದ್ದೆ.

ಬಂದ ಮೊದಲ ವಾರವೇ ಜಗಳ.
ಮೂರು ದೋಣಿಗೆ ಒಂದೇ ಹೆಸರು, ಕಾರ್ಮೆಲಾ.
ಹೆಸರು ಕೀಲಿಯಾಗದು, ಅಂದೆ.
ಒಂದೊಂದಕ್ಕೂ ಒಂದು ಅಂಕಿ ಬರೆಸಿದೆ, ಕೆಂಪು ಬಣ್ಣದಲ್ಲಿ.
ಎದುವಿನಾ ವೆಂಚೂರ್ ತನ್ನ ದೋಣಿಯ ಮೂತಿ ಸವರಿ
"ಹದಿನೇಳಂತೆ! ಹಾಗೆ ಕೂಗಿದರೆ ಇವಳು ತಿರುಗುತ್ತಾಳಾ?"
ಎಂದು ನಕ್ಕಳು. ಬಣ್ಣ ಇನ್ನೂ ಹಸಿ, ಅಂಗೈಗೆ ಅಂಟಿತು.

ಹಳೆಯ ದಫ್ತರದಲ್ಲಿ ಒಬ್ಬನೇ ಒಡೆಯನ ಫೋನು ಹನ್ನೊಂದು ಕಡೆ,
ಅದರಲ್ಲಿ ನಾಲ್ಕು ಎಂದೋ ಸತ್ತ ನಂಬರು.
ಒಂದು ಸಂಗತಿ ಒಂದೇ ಕಡೆ ಇರಬೇಕು,
ಓದಿದ್ದೆ, ಮಾಡಿದೆ.
ಕಟ್ಟೆಯ ಮೇಲೆ ಮೆರ್ಲೂಸಾ ಮೀನು ಸೀಳುವವರ ಎದುರೇ ಕೂತು
ಕೋಷ್ಟಕ ಸೀಳಿದೆ: ಮುಳ್ಳು ಬೇರೆ, ಮಾಂಸ ಬೇರೆ.
ನೀಟಾಗಿತ್ತು. ಹೆಮ್ಮೆಯಾಗಿತ್ತು.

ಕುಸ್ತೋದಿಯೋ ಮಾತ್ರ ಗೋಡೆಯ ಮೊಳೆ ಕೀಳಗೊಡಲಿಲ್ಲ.
ಹೊರಡುವವರು ಒಂದು ಮರದ ಬಿಲ್ಲೆ ನೇತುಹಾಕಬೇಕು,
ಬಂದವರು ಬಿಡಿಸಿಕೊಂಡು ಹೋಗಬೇಕು.
"ಇದು ನಕಲು ಮಾಹಿತಿ, ತಾತ."
"ಇರಲಿ ಮಗಳೆ. ಕರೆಂಟು ಕೇಳೋದಿಲ್ಲ."

ಆಗಸ್ಟಿನ ಚಳಿಯಲ್ಲೊಂದು ರಾತ್ರಿ ಮಂಜು ಇಳಿಯಿತು,
ಕಲಸಿಟ್ಟ ಸುಣ್ಣದ ಹಾಗೆ.
ಇಪ್ಪತ್ತಮೂರು ದೋಣಿ ಹೋಗಿದ್ದವು.
ಹೋದವುಗಳಲ್ಲಿ, ಬಂದವುಗಳ ಪಟ್ಟಿಯಲ್ಲಿ ಇಲ್ಲದ್ದು ಯಾವುದು?
ಕೇಳಿದೆ.
ಪರದೆಯಲ್ಲಿ ಒಂದು ಸಾಲೂ ಮೂಡಲಿಲ್ಲ.
ಮೌನವನ್ನು ಸಮ್ಮತಿ ಅಂದುಕೊಂಡೆ.
ಒಲೆ ಆರಿಸಿದೆ. ಕೋಟು ತೊಟ್ಟೆ.

ಮೊಳೆಯಲ್ಲಿ ಎರಡು ಬಿಲ್ಲೆ.

ತಾತ ಏನೂ ಅನ್ನಲಿಲ್ಲ.
ಉಗುರಿನಿಂದ ಒಂದನ್ನು ತಟ್ಟಿದ, ಆಮೇಲೆ ಇನ್ನೊಂದನ್ನು.

ಕೋಟಿನಲ್ಲೇ ಕೂತು ಬಂದವುಗಳ ಪಟ್ಟಿ ಓದಿದೆ, ಬೆರಳಿಟ್ಟು.
ಒಂಬತ್ತು ನಲವತ್ತು, ಅಂಕಿ ಇರಬೇಕಾದ ಕಡೆ
ಏನೂ ಇಲ್ಲ.
ಕಾವಲಿನ ರೆಮಿಹಿಯೋಗೆ ದೀಪ ಕಂಡಿತ್ತು, ದೋಣಿ ಕಂಡಿರಲಿಲ್ಲ.
ಸುಳ್ಳು ಬರೆಯಲಾರದೆ ಖಾಲಿ ಬಿಟ್ಟಿದ್ದ.

ವಾಲ್ದಿವಿಯಾದ ತರಗತಿ ನೆನಪಾಯಿತು.
ಹಲಗೆಯ ಮೇಲೆ ನಿಜ, ಸುಳ್ಳು, ಮತ್ತು ಆ ಮೂರನೆಯದು,
ಪರೀಕ್ಷೆಗೆ ಬರೆದು ಮರೆತದ್ದು:
ಖಾಲಿ ಎಂದರೆ ಸೊನ್ನೆಯಲ್ಲ.
ಅದು ಹದಿನೇಳಿರಬಹುದು, ಆರೂ ಇರಬಹುದು;
ಹಾಗಿರುವಾಗ ಹದಿನೇಳು ಬಂದಿಲ್ಲವೆಂದು
ಯಂತ್ರ ಆಣೆಯಿಟ್ಟು ಹೇಗೆ ಹೇಳೀತು?
ಅದು ಅಲ್ಲ ಅಂದಿರಲಿಲ್ಲ, ಇಲ್ಲ ಅಂದಿರಲಿಲ್ಲ.
ಗೊತ್ತಿಲ್ಲ ಎಂಬುದನ್ನು ಬಾಯಲ್ಲಿಟ್ಟುಕೊಂಡು ಕೂತಿತ್ತು,
ನಾನು ಒಲೆ ಆರಿಸಿದ್ದೆ.

ಪ್ರಶ್ನೆ ತಿರುಗಿಸಿದೆ. ಹೋದ ಒಂದೊಂದನ್ನೂ ಹಿಡಿದು,
ಇವಳದೇ ಅಂಕಿ ಹೊತ್ತು ಬಂದ ಸಾಲು ಇದೆಯೆ?
ಯಾರಿಗಿಲ್ಲವೋ ಅವರನ್ನು ತೋರಿಸು.

ಆರು.
ಹದಿನೇಳು.

ಆರನೆಯದು ಪಕ್ಕದ ಕಟ್ಟೆಗೆ ಕಟ್ಟಿಕೊಂಡು,
ಬಿಲ್ಲೆ ಮರೆತು, ಗೊರಕೆ ಹೊಡೆಯುತ್ತಿತ್ತು.
ಪರದೆ ಹೇಳಿದ್ದು ಸೊನ್ನೆ, ಮೊಳೆ ಹೇಳಿದ್ದು ಎರಡು,
ಕಡಲಲ್ಲಿದ್ದದ್ದು ಒಂದು.
ಎಂಜಿನ್ ಸತ್ತು, ಕಿಂಚಾವೋ ದ್ವೀಪದಾಚೆ, ರೇಡಿಯೋ ಒದ್ದೆ.
ನಾಲ್ಕು ಗಂಟೆಗೆ ಎಳೆದು ತಂದರು.
ಎದುವಿನಾಳ ಬೆರಳು ಕಪ್ಪು ಹಿಡಿಯದೆ ಚಹಾ ನೆಲಕ್ಕೆ.
"ಮಂಜಿನಲ್ಲಿ ಯಾರೋ ಹದಿನೇಳು, ಹದಿನೇಳು ಅಂತಿದ್ದರು,"
ಅಂದಳು, "ಯಾರನ್ನೋ ಕರೀತಿದ್ದಾರೆ ಅಂದುಕೊಂಡೆ."

ಮರುದಿನ ನಿರ್ಬಂಧ ಹಾಕಿದೆ: ಖಾಲಿ ಬಿಡುವಂತಿಲ್ಲ.
ಮೂರನೆಯ ದಿನ ಪಟ್ಟಿಯಲ್ಲಿ ಒಂಬೈನೂರ ತೊಂಬತ್ತೊಂಬತ್ತು.
ಬೈಯಲು ಹೊರಟು, ಬಾಗಿಲಲ್ಲೇ ನಿಂತೆ.
ಮಂಜಿಗೆ ಕಾನೂನು ಮಾಡಿ
ರೆಮಿಹಿಯೋಗೆ ಸುಳ್ಳು ಕಲಿಸಿದವಳು ನಾನು.

ಈಗ ಇನ್ನೊಂದು ಕೋಷ್ಟಕವಿದೆ, ಎರಡೇ ಕಾಲಂ:
ಹೊತ್ತು, ಕಂಡದ್ದು.
ದೀಪ, ಹಸಿರು.
ಎಂಜಿನ್ ಸದ್ದು, ಕೆಮ್ಮಿದ ಹಾಗೆ.
ನಾಯಿ ಬೊಗಳಿತು, ದೋಣಿ ಯಾರದೋ.

ಮೊಳೆ ಗೋಡೆಯಲ್ಲೇ ಇದೆ.
ಕೋಟು ತೊಡುವ ಮುಂಚೆ ನಾನೂ ಎಣಿಸುತ್ತೇನೆ.
ನಿನ್ನೆ ತಾಳೆಯಾಗಲಿಲ್ಲ.
ಕೋಟು ಬಿಚ್ಚಿ ಕೂತೆ.